ತೊಡೆಸಂದಿನ ನೋವು ಮತ್ತು ಹರ್ನಿಯಾ: ಆಪರೇಷನ್ ಇಲ್ಲದೆ ಯಾರು ಕಾಯಬಹುದು, ಹೇಗೆ ಕಾಯಬೇಕು?

ಹರ್ನಿಯಾಕ್ಕೆ ಕನ್ನಡದಲ್ಲಿ ‘ಅಂಡವಾಯು’ ಎಂಬ ಹಳೆಯ ಹೆಸರಿದೆ. ಅರ್ಧ ತೊಂದರೆ ಈ ಹೆಸರಿನಲ್ಲೇ ಇದೆ. ವಾಯು ಎಂದ ಕೂಡಲೇ ಜನ ಗ್ಯಾಸ್ ಎಂದುಕೊಳ್ಳುತ್ತಾರೆ. ನಾಗ್ಪುರದಲ್ಲಿ ಔಷಧಿ ಅಂಗಡಿಯ ಕೌಂಟರ್‌ನಲ್ಲಿ ನಿಲ್ಲುವ ನನ್ನ ಹತ್ತಿರ ಕನ್ನಡದ ಹಿರಿಯರು ಬಂದು, ದನಿ ತಗ್ಗಿಸಿ, “ಅಂಡವಾಯು ಇದೆ, ವಾಯುವಿಗೆ ಏನಾದರೂ ಮಾತ್ರೆ ಕೊಡಮ್ಮ” ಎಂದು ಕೇಳಿದ್ದುಂಟು. ಹರ್ನಿಯಾದಲ್ಲಿ ವಾಯು ಇಲ್ಲ. ಹೊಟ್ಟೆಯ ಗೋಡೆಯಲ್ಲಿ ಒಂದು ಕಿಂಡಿ ಬಿದ್ದಿರುತ್ತದೆ, ಅದರೊಳಗಿಂದ ಕೊಬ್ಬು ಅಥವಾ ಕರುಳಿನ ತುಣುಕು ಹೊರಗೆ ಇಣುಕುತ್ತದೆ, ಅಷ್ಟೆ. ಗ್ಯಾಸಿನ ಮಾತ್ರೆ ಕಿಂಡಿಯನ್ನು ಮುಚ್ಚುವುದಿಲ್ಲ.

ಹಾಗಾದರೆ ಆಪರೇಷನ್ ಒಂದೇ ದಾರಿಯೇ? ಎಲ್ಲರಿಗೂ ಅಲ್ಲ, ಎಲ್ಲರಿಗೂ ಈಗಲೇ ಅಂತೂ ಅಲ್ಲ. ಆದರೆ ‘ಆಪರೇಷನ್ ಇಲ್ಲದೆ ವಾಸಿಮಾಡಿಕೊಳ್ಳುವುದು’ ಬೇರೆ, ‘ಆಪರೇಷನ್ ಮಾಡಿಸದೆ ಎಚ್ಚರಿಕೆಯಿಂದ ಕಾಯುವುದು’ ಬೇರೆ. ಮೊದಲನೆಯದು ದೊಡ್ಡವರ ಹರ್ನಿಯಾದಲ್ಲಿ ಸಾಧ್ಯವಿಲ್ಲ. ಎರಡನೆಯದು ಕೆಲವರಿಗೆ ಒಪ್ಪಿತವಾದ ಚಿಕಿತ್ಸಾ ಕ್ರಮವೇ ಆಗಿದೆ. ಆ ಕೆಲವರು ಯಾರು, ಕಾಯುವಾಗ ಏನು ಮಾಡಬೇಕು, ಕಾಯುವುದನ್ನು ಯಾವ ಗಳಿಗೆಯಲ್ಲಿ ನಿಲ್ಲಿಸಬೇಕು ಎಂಬುದನ್ನು ಇಲ್ಲಿ ನೋಡೋಣ.

ಹರ್ನಿಯಾ ಎಂದರೇನು?

ಹೊಟ್ಟೆಯ ಅಂಗಗಳನ್ನು ಹಿಡಿದಿಟ್ಟಿರುವುದು ಸ್ನಾಯು ಮತ್ತು ಗಟ್ಟಿ ಪೊರೆಗಳ ಗೋಡೆ. ತೊಡೆಸಂದಿಯ ಹತ್ತಿರ ಈ ಗೋಡೆ ಹುಟ್ಟಿನಿಂದಲೇ ಸ್ವಲ್ಪ ದುರ್ಬಲ. ಗಂಡುಮಗು ಗರ್ಭದಲ್ಲಿರುವಾಗ ವೃಷಣಗಳು ಹೊಟ್ಟೆಯೊಳಗಿನಿಂದ ಕೆಳಗಿಳಿದು ಚೀಲಕ್ಕೆ ಬರುವುದು ಇದೇ ದಾರಿಯಲ್ಲಿ. ಆ ದಾರಿ ಪೂರ್ತಿ ಮುಚ್ಚಿಕೊಳ್ಳದಿದ್ದರೆ, ಅಥವಾ ವಯಸ್ಸಾದಂತೆ ಪೊರೆ ಸಡಿಲಾದರೆ, ಒಳಗಿನದು ಹೊರಗೆ ಬರುತ್ತದೆ. ಗಂಡಸರಲ್ಲಿ ತೊಡೆಸಂದಿನ ಹರ್ನಿಯಾ ಬಹಳ ಸಾಮಾನ್ಯ: ಜೀವಮಾನದಲ್ಲಿ ನೂರರಲ್ಲಿ ಕನಿಷ್ಠ 27 ಗಂಡಸರಿಗೆ ಬರುತ್ತದೆ ಎಂಬ ಅಂದಾಜಿದೆ. ಹೆಂಗಸರಲ್ಲಿ ಈ ಸಂಖ್ಯೆ 3ರಿಂದ 6. ಆದ್ದರಿಂದ ನಾಚಿಕೆಪಟ್ಟುಕೊಂಡು ಮುಚ್ಚಿಡುವಂಥ ರೋಗ ಇದಲ್ಲ.

ಗುರುತು ಸುಲಭ. ನಿಂತಾಗ, ಕೆಮ್ಮಿದಾಗ, ಮುಕ್ಕಿದಾಗ ತೊಡೆಸಂದಿಯಲ್ಲಿ ಉಬ್ಬು ಕಾಣುತ್ತದೆ. ಮಲಗಿದಾಗ ತಾನಾಗಿ ಅಥವಾ ಮೆಲ್ಲಗೆ ಒತ್ತಿದರೆ ಒಳಗೆ ಹೋಗುತ್ತದೆ. ಸಂಜೆಯ ಹೊತ್ತಿಗೆ ಭಾರ, ಎಳೆತ, ಸಣ್ಣ ಉರಿ ಇರಬಹುದು. ವೈದ್ಯರು ನಿಲ್ಲಿಸಿ, ಕೆಮ್ಮಿಸಿ, ಕೈಯಿಂದ ಮುಟ್ಟಿ ನೋಡಿದರೆ ಬಹುಪಾಲು ಗೊತ್ತಾಗುತ್ತದೆ. ಅನುಮಾನವಿದ್ದಾಗ ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಉಬ್ಬು ಕಣ್ಣಿಗೆ ಕಾಣುತ್ತಿರುವಾಗ ದುಬಾರಿ ಸ್ಕ್ಯಾನ್ ಅಗತ್ಯವಿರುವುದಿಲ್ಲ.

ಮುಲಾಮು, ಎಣ್ಣೆ, ಕಷಾಯ, ಪಟ್ಟು, ಮಾತ್ರೆ ಯಾವುದೂ ಈ ಕಿಂಡಿಯನ್ನು ಮುಚ್ಚುವುದಿಲ್ಲ. ವ್ಯಾಯಾಮವೂ ಮುಚ್ಚುವುದಿಲ್ಲ. ‘ಹರ್ನಿಯಾ ಕರಗಿಸುವ ಔಷಧಿ’ ಎಂದು ಯಾರಾದರೂ ಮಾರುತ್ತಿದ್ದರೆ, ಕರಗುವುದಕ್ಕೆ ಅಲ್ಲಿ ಏನೂ ಇಲ್ಲ ಎಂಬುದನ್ನು ನೆನಪಿಡಿ.

ಯಾರು ಕಾಯಬಹುದು?

ಇದಕ್ಕೆ ಉತ್ತರ ಕೊಟ್ಟ ಒಂದು ಮುಖ್ಯ ಅಧ್ಯಯನ 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ತೊಡೆಸಂದಿನ ಹರ್ನಿಯಾ ಇದ್ದು ತೊಂದರೆ ಇಲ್ಲದ ಅಥವಾ ತೀರಾ ಕಡಿಮೆ ಇದ್ದ 720 ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಆಪರೇಷನ್ ಮಾಡಿದರು, ಉಳಿದವರನ್ನು ಬರೀ ಗಮನಿಸುತ್ತ ಇಟ್ಟರು. ಎರಡು ವರ್ಷದ ಕೊನೆಗೆ ನೋವಿನ ವಿಷಯದಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎಲ್ಲರೂ ಹೆದರುವ ಸಂಗತಿ, ಅಂದರೆ ಹರ್ನಿಯಾ ಹೊರಗೇ ಸಿಕ್ಕಿಹಾಕಿಕೊಂಡು ತುರ್ತು ಪರಿಸ್ಥಿತಿ ಬರುವುದು, ಕಾದವರಲ್ಲಿ ವರ್ಷಕ್ಕೆ ಸಾವಿರಕ್ಕೆ ಇಬ್ಬರಿಗಿಂತ ಕಡಿಮೆ.

ಇಷ್ಟೇ ಓದಿ ನೆಮ್ಮದಿಯಾಗಿ ಎದ್ದು ಹೋಗಬೇಡಿ. ಇದೇ ಗಂಡಸರನ್ನು ಮುಂದೆಯೂ ಗಮನಿಸಿ 2013ರಲ್ಲಿ ಫಲಿತಾಂಶ ಹೇಳಿದರು. ಹತ್ತು ವರ್ಷದೊಳಗೆ ಕಾಯುತ್ತಿದ್ದವರಲ್ಲಿ ನೂರಕ್ಕೆ 68 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರು. 65 ದಾಟಿದವರಲ್ಲಿ ಈ ಸಂಖ್ಯೆ 79. ಮುಖ್ಯ ಕಾರಣ, ನೋವು ಹೆಚ್ಚಾಗಿದ್ದು. ಎಂದರೆ ಕಾಯುವುದು ಸುರಕ್ಷಿತ, ಆದರೆ ಹೆಚ್ಚಿನವರಿಗೆ ಅದು ಮುಂದೂಡಿಕೆ. ಮುಂದೂಡುವುದರಲ್ಲೂ ಬೆಲೆ ಇದೆ: ಮಗಳ ಮದುವೆ ಇದೆ, ಬಿತ್ತನೆ ಇದೆ, ಸಕ್ಕರೆ ಹತೋಟಿಯಲ್ಲಿಲ್ಲ, ಹೃದಯಕ್ಕೆ ಸ್ಟೆಂಟ್ ಹಾಕಿಸಿ ಎರಡು ತಿಂಗಳಾಗಿದೆ. ಇಂಥವರು ಅವಸರಪಡದೆ ತಮಗೆ ಒಪ್ಪುವ ಸಮಯ ಆರಿಸಿಕೊಳ್ಳಬಹುದು.

ಕಾಯುವುದರ ಪರವಾಗಿ ಇನ್ನೊಂದು ಮಾತು. ಹರ್ನಿಯಾ ಆಪರೇಷನ್ ಸಣ್ಣದು, ಎಷ್ಟೋ ಕಡೆ ಅದೇ ದಿನ ಮನೆಗೆ ಕಳಿಸುತ್ತಾರೆ. ಆದರೂ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ನೂರರಲ್ಲಿ 10ರಿಂದ 12 ಮಂದಿಗೆ ಆಪರೇಷನ್ ಆದ ಮೇಲೆ ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ಮೊದಲೇ ನೋವಿಲ್ಲದವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯವೇ.

ಒಟ್ಟಿನಲ್ಲಿ, ಕಾಯುವ ಮಾತು ಅನ್ವಯಿಸುವುದು ಇಂಥವರಿಗೆ: ವಯಸ್ಕ ಗಂಡಸು, ತೊಡೆಸಂದಿನ ಹರ್ನಿಯಾ ಎಂದು ಶಸ್ತ್ರವೈದ್ಯರು ನೋಡಿ ಖಚಿತಪಡಿಸಿದ್ದಾರೆ, ಮಲಗಿದರೆ ಒಳಗೆ ಹೋಗುತ್ತದೆ, ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿಲ್ಲ.

ಯಾರು ಕಾಯಬಾರದು?

ಹೆಂಗಸರು. ಇದನ್ನು ಮೊದಲು ಹೇಳಬೇಕಾದ ಕಾರಣ, ಹರ್ನಿಯಾ ಎಂದರೆ ಗಂಡಸರ ಕಾಯಿಲೆ ಎಂದು ಮನೆಯಲ್ಲಿ ಎಲ್ಲರೂ ನಂಬಿರುತ್ತಾರೆ. ಹೆಂಗಸರಲ್ಲಿ ತೊಡೆಯ ಬುಡದಲ್ಲಿ, ಮಡಿಕೆಗಿಂತ ಸ್ವಲ್ಪ ಕೆಳಗೆ, ದೊಡ್ಡ ರಕ್ತನಾಳದ ಪಕ್ಕದ ಇಕ್ಕಟ್ಟಾದ ಸಂದಿಯಿಂದ ಬರುವ ‘ಫೆಮೊರಲ್’ ಹರ್ನಿಯಾ ಗಂಡಸರಿಗಿಂತ ಹೆಚ್ಚು. ಸಂದಿ ಕಿರಿದಾಗಿರುವುದರಿಂದ ಕರುಳು ಬೇಗ ಬಿಗಿದುಕೊಳ್ಳುತ್ತದೆ. 1991ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ, ಈ ಬಗೆಯ ಹರ್ನಿಯಾ ಕಾಣಿಸಿಕೊಂಡ ಮೂರು ತಿಂಗಳೊಳಗೇ ಬಿಗಿದುಕೊಳ್ಳುವ ಸಂಭವ ನೂರಕ್ಕೆ 22 ಎಂದು ಕಂಡಿತು. ಉಬ್ಬು ನಿಂಬೆಹಣ್ಣಿಗಿಂತ ಚಿಕ್ಕದಿರಬಹುದು, ನೋವೂ ಇರದಿರಬಹುದು. ಅಮ್ಮನೋ ಅತ್ತೆಯೋ “ಅಲ್ಲೊಂದು ಗಂಟಿದೆ, ಇರಲಿ ಬಿಡು” ಎಂದರೆ ಬಿಡಬೇಡಿ. ಆ ವಾರದಲ್ಲೇ ಶಸ್ತ್ರವೈದ್ಯರಿಗೆ ತೋರಿಸಿ. ಗರ್ಭಿಣಿಯರ ಮಾತು ಬೇರೆ: ಅವರ ತೊಡೆಸಂದಿನ ಉಬ್ಬು ಎಷ್ಟೋ ಸಲ ಹಿಗ್ಗಿದ ರಕ್ತನಾಳಗಳು ಮಾತ್ರ. ಅಲ್ಟ್ರಾಸೌಂಡ್‌ನಲ್ಲಿ ಗೊತ್ತಾಗುತ್ತದೆ, ಹೆರಿಗೆಯ ನಂತರ ಹೋಗುತ್ತದೆ.

ಮಕ್ಕಳು. ಮಗುವಿನ ತೊಡೆಸಂದಿಯಲ್ಲಿ ಅತ್ತಾಗ ಉಬ್ಬು ಬಂದರೆ ಅದು ತಾನಾಗಿ ಮುಚ್ಚುವುದಿಲ್ಲ, ಆಪರೇಷನ್ ಬೇಕು. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಲ್ಲಿ ಅಪಾಯ ಇನ್ನೂ ಹೆಚ್ಚು. ಹೊಕ್ಕುಳಿನ ಹರ್ನಿಯಾ ಇದಕ್ಕೆ ಪೂರ್ತಿ ವಿರುದ್ಧ. ಅದು ಬಹುಪಾಲು ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನೇ ಮುಚ್ಚಿಕೊಳ್ಳುತ್ತದೆ. ಹೊಕ್ಕುಳ ಮೇಲೆ ನಾಣ್ಯ ಇಟ್ಟು ಬಟ್ಟೆ ಕಟ್ಟುವ ರೂಢಿ ನಮ್ಮಲ್ಲೂ ಇದೆ, ವಿದರ್ಭದಲ್ಲೂ ಇದೆ. ಅದರಿಂದ ಬೇಗ ಮುಚ್ಚುವುದಿಲ್ಲ, ಚರ್ಮ ಮಾತ್ರ ಕೆಂಪಾಗಿ ಹುಣ್ಣಾಗುತ್ತದೆ. ಅಜ್ಜಿಗೆ ಬೇಸರವಾಗದ ಹಾಗೆ ನಾಣ್ಯ ತೆಗೆದಿಡಿ.

ಒಳಗೆ ಹೋಗದೆ ನಿಂತಿರುವ ಉಬ್ಬು, ದಿನದಿನಕ್ಕೆ ದೊಡ್ಡದಾಗುತ್ತಿರುವುದು, ನಡೆದರೆ ನೋಯುವುದು, ಹಿಂದೆ ಒಮ್ಮೆ ಸಿಕ್ಕಿಹಾಕಿಕೊಂಡಿದ್ದು, ಇವುಗಳಿಗೂ ಕಾಯುವ ಸಲಹೆ ಅನ್ವಯಿಸುವುದಿಲ್ಲ.

ನಿಮ್ಮದು ಹರ್ನಿಯಾವೇ ಹೌದೇ?

ತೊಡೆಸಂದಿನ ನೋವೆಲ್ಲ ಹರ್ನಿಯಾ ಅಲ್ಲ. ಉಬ್ಬೇ ಇಲ್ಲದೆ ಬರೀ ನೋವಿದ್ದರೆ, ಹರ್ನಿಯಾ ಬೆಲ್ಟ್ ಕೊಳ್ಳುವ ಮೊದಲು ಬೇರೆ ಕಾರಣಗಳನ್ನು ನೋಡಬೇಕು. ಎಚ್ಚರಿಕೆಯಿಂದ ಕಾಯುವ ಹೆಸರಿನಲ್ಲಿ ಜನ ಎಡವುವುದು ಹೆಚ್ಚಾಗಿ ಇಲ್ಲೇ.

ನಾಗ್ಪುರ ಮತ್ತು ಸುತ್ತಲಿನ ವಿದರ್ಭದಲ್ಲಿ ಮೊದಲು ನೆನಪಾಗಬೇಕಾದ್ದು ಸೊಂಟದ ಕೀಲು. ಸೊಂಟದ ಕೀಲಿನ ನೋವು ಸೊಂಟದಲ್ಲಿ ಕಾಣಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ತೊಡೆಸಂದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಈ ಭಾಗದಲ್ಲಿ ಸಿಕಲ್ ಸೆಲ್ ಕಾಯಿಲೆ ಹೆಚ್ಚು. ಆ ಕಾಯಿಲೆಯಲ್ಲಿ ಕುಡುಗೋಲಿನ ಆಕಾರಕ್ಕೆ ತಿರುಗಿದ ರಕ್ತಕಣಗಳು ಸಣ್ಣ ನಾಳಗಳನ್ನು ಮುಚ್ಚಿ, ತೊಡೆಮೂಳೆಯ ತಲೆಗೆ ರಕ್ತ ಸಿಗದೆ ಅದು ಸಾಯುತ್ತ ಬರುತ್ತದೆ. ಇಪ್ಪತ್ತು ಮೂವತ್ತರ ಹರೆಯದಲ್ಲಿ, ಉಬ್ಬಿಲ್ಲದೆ, ನಡೆಯುವಾಗ ತೊಡೆಸಂದಿಯಲ್ಲಿ ಆಳವಾದ ನೋವು, ಚಕ್ಕಳಮಕ್ಕಳ ಹಾಕಿ ಕೂರಲು ಆಗದಿರುವುದು, ಕುಂಟುವುದು ಇದ್ದರೆ ಮೂಳೆ ವೈದ್ಯರನ್ನು ನೋಡಿ ಎಕ್ಸ್‌ರೇ ತೆಗೆಸಬೇಕು. ಆರಂಭದ ಹಂತ ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐ ಬೇಕಾಗಬಹುದು. ಹೆಚ್ಚು ದಿನ ಸ್ಟೀರಾಯ್ಡ್ ಮಾತ್ರೆ ನುಂಗಿದವರಲ್ಲಿ, ತುಂಬಾ ಕುಡಿಯುವವರಲ್ಲಿಯೂ ಹೀಗಾಗುತ್ತದೆ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ರಕ್ತ ಪರೀಕ್ಷೆ ಉಚಿತ. ಚಾಮರಾಜನಗರ, ಮೈಸೂರು ಕಡೆಯ ಬುಡಕಟ್ಟು ಕುಟುಂಬಗಳಿಗೂ ಇದು ಸಂಬಂಧಪಟ್ಟ ವಿಷಯ.

ಎರಡನೆಯದು ಮೂತ್ರಕಲ್ಲು. ಮೇ ತಿಂಗಳಲ್ಲಿ ನಾಗ್ಪುರದ ಬಿಸಿಲು 45 ಡಿಗ್ರಿ ದಾಟುತ್ತದೆ. ಬೆವರಿ, ನೀರು ಕುಡಿಯದೆ ಕೆಲಸ ಮಾಡುವವರಲ್ಲಿ ಕಲ್ಲು ಬೆಳೆಯುತ್ತದೆ. ಪಕ್ಕೆಯಿಂದ ಶುರುವಾಗಿ ತೊಡೆಸಂದಿಗೆ, ವೃಷಣಕ್ಕೆ ಇಳಿಯುವ, ಅಲೆಅಲೆಯಾಗಿ ಬರುವ, ಒಂದೆಡೆ ಕೂರಲು ಬಿಡದ ನೋವು ಕಲ್ಲಿನದು.

ಮೂರನೆಯದು ಆನೆಕಾಲು ರೋಗದಿಂದ ಬರುವ ವೃಷಣದ ನೀರು, ಅಂದರೆ ಹೈಡ್ರೋಸೀಲ್. ಇದಕ್ಕೂ ಜನ ‘ಅಂಡವಾಯು’ ಎಂದೇ ಹೇಳುತ್ತಾರೆ. ನಾಗ್ಪುರವೂ ನಮ್ಮ ಯಾದಗಿರಿಯೂ ಆನೆಕಾಲು ಇರುವ ಜಿಲ್ಲೆಗಳು. ಮೂರು ಔಷಧಿಗಳನ್ನು ಒಟ್ಟಿಗೆ ಮನೆಮನೆಗೆ ಕೊಡುವ ಕ್ರಮ ದೇಶದಲ್ಲಿ ಮೊದಮೊದಲು ಜಾರಿಯಾದ ಜಿಲ್ಲೆಗಳಲ್ಲಿ ಇವೆರಡೂ ಇದ್ದವು. ಹೈಡ್ರೋಸೀಲ್ ಮಲಗಿದರೂ ಕಡಿಮೆಯಾಗುವುದಿಲ್ಲ, ಕೆಮ್ಮಿದರೆ ಉಬ್ಬುವುದಿಲ್ಲ. ಅದರ ಮೇಲೆ ಬೆಲ್ಟ್ ಕಟ್ಟಿದರೆ ಏನೂ ಪ್ರಯೋಜನವಿಲ್ಲ.

ನಾಲ್ಕನೆಯದು ಸ್ನಾಯು ಎಳೆತ. ಕ್ರಿಕೆಟ್, ಕಬಡ್ಡಿ, ಫುಟ್‌ಬಾಲ್ ಆಡುವ ಹುಡುಗರಲ್ಲಿ ತೊಡೆಯ ಒಳಬದಿಯ ಸ್ನಾಯು ನೋಯುತ್ತದೆ. ‘ಸ್ಪೋರ್ಟ್ಸ್ ಹರ್ನಿಯಾ’ ಎಂದು ಕೇಳಿರಬಹುದು. ಅದರಲ್ಲಿ ನಿಜವಾದ ಹರ್ನಿಯಾ ಇರುವುದಿಲ್ಲ. ಇಲ್ಲಿ ಮಾತ್ರ ಆಪರೇಷನ್ ಇಲ್ಲದೆ ಗುಣವಾಗುವ ಮಾತು ನಿಜ. 1999ರಲ್ಲಿ ಡೆನ್ಮಾರ್ಕ್‌ನವರು ಬಹುದಿನದ ತೊಡೆಸಂದು ನೋವಿದ್ದ 68 ಆಟಗಾರರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಸಾಜ್, ಲೇಸರ್, ಸ್ಟ್ರೆಚ್ಚಿಂಗ್. ಇನ್ನೊಂದಕ್ಕೆ ಸ್ನಾಯು ಬಲಪಡಿಸುವ ವ್ಯಾಯಾಮ. ವ್ಯಾಯಾಮ ಮುಗಿಸಿದ 29 ಮಂದಿಯಲ್ಲಿ 23 ಜನ ನೋವಿಲ್ಲದೆ ಆಟಕ್ಕೆ ಮರಳಿದರು, ಮಸಾಜಿನ 30 ಮಂದಿಯಲ್ಲಿ ಕೇವಲ 4 ಜನ. ಆರಂಭದ ವ್ಯಾಯಾಮ ಸರಳ: ಅಂಗಾತ ಮಲಗಿ ಎರಡು ಪಾದಗಳ ನಡುವೆ ಚೆಂಡಿಟ್ಟು 30 ಸೆಕೆಂಡು ಒತ್ತಿ ಹಿಡಿಯುವುದು, ಹತ್ತು ಸಲ. ನಂತರ ಮೊಣಕಾಲುಗಳ ನಡುವೆ ಚೆಂಡಿಟ್ಟು ಅದನ್ನೇ ಮಾಡುವುದು. ಇದು ಎಂಟರಿಂದ ಹನ್ನೆರಡು ವಾರದ ಕೆಲಸ, ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ಮಾಡಿ. ವಾರದಲ್ಲೇ ಫಲ ಬರಲಿಲ್ಲ ಎಂದು ಬಿಟ್ಟವರೇ ಮತ್ತೆ ಸ್ಪ್ರೇ ಕೊಳ್ಳಲು ನಮ್ಮ ಅಂಗಡಿಗೆ ಬರುತ್ತಾರೆ.

ಇನ್ನು, ಹುಡುಗನೊಬ್ಬ ಇದ್ದಕ್ಕಿದ್ದಂತೆ ವೃಷಣ ಹಿಡಿದುಕೊಂಡು ನೋವಿನಿಂದ ಚೀರಿದರೆ, ವಾಂತಿ ಮಾಡಿದರೆ, ವೃಷಣ ತಿರುಚಿಕೊಂಡಿರಬಹುದು. ಅದನ್ನು ಉಳಿಸಲು ಇರುವುದು ಸುಮಾರು ಆರು ಗಂಟೆ. ಬೆಳಗಾಗಲಿ ಎನ್ನಬೇಡಿ. ತೊಡೆಸಂದಿಯಲ್ಲಿ ಗಟ್ಟಿಯಾದ, ಕದಲದ ಗಂಟುಗಳು, ಜೊತೆಗೆ ಜ್ವರ, ತೂಕ ಇಳಿಯುವುದು ಇದ್ದರೂ ತಡಮಾಡಬಾರದು. ಬೆನ್ನುಮೂಳೆಯ ಕ್ಷಯದ ಕೀವು ಕೂಡ ತೊಡೆಸಂದಿಗೆ ಇಳಿದು ಉಬ್ಬಿನಂತೆ ಕಾಣುವುದುಂಟು.

ಕಾಯುವಾಗ ಮಾಡಬೇಕಾದ್ದು

ಮೂರು ಸಂಗತಿಗಳು ಹೊಟ್ಟೆಯೊಳಗಿನ ಒತ್ತಡ ಹೆಚ್ಚಿಸಿ ಹರ್ನಿಯಾವನ್ನು ಹೊರಗೆ ತಳ್ಳುತ್ತವೆ: ಕೆಮ್ಮು, ಮಲಬದ್ಧತೆ, ಮೂತ್ರಕ್ಕೆ ಮುಕ್ಕುವುದು. ಈ ಮೂರಕ್ಕೂ ನಿಮ್ಮ ಔಷಧಿಗಳೇ ಕಾರಣವಾಗಿರಬಹುದು. ಫಾರ್ಮಸಿ ಓದಿದವಳಾಗಿ ಈ ಮಾತಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ರಕ್ತದೊತ್ತಡಕ್ಕೆ ಎನಾಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ತೆಗೆದುಕೊಳ್ಳುತ್ತಿದ್ದೀರಾ? ಹೆಸರಿನ ಕೊನೆಗೆ ‘ಪ್ರಿಲ್’ ಇರುವ ಈ ಮಾತ್ರೆಗಳು ಹಲವರಲ್ಲಿ ಕಫವಿಲ್ಲದ, ಗಂಟಲು ಕೆರೆಯುವ ಒಣಕೆಮ್ಮು ತರುತ್ತವೆ. ತಿಂಗಳುಗಟ್ಟಲೆ ಕೆಮ್ಮಿನ ಸಿರಪ್ ಕುಡಿದರೂ ಅದು ಹೋಗುವುದಿಲ್ಲ. ಒಬ್ಬ ನಿವೃತ್ತ ರೈಲ್ವೆ ನೌಕರರು ಎರಡು ಚಳಿಗಾಲ ಹೀಗೆ ಕೆಮ್ಮುತ್ತ, ಪ್ರತಿ ಕೆಮ್ಮಿಗೂ ತೊಡೆಸಂದಿಯನ್ನು ಕೈಯಿಂದ ಒತ್ತಿಹಿಡಿಯುತ್ತ ನಮ್ಮ ಅಂಗಡಿಗೆ ಬರುತ್ತಿದ್ದರು. ಅವರ ಚೀಟಿ ಪೂರ್ತಿ ನೋಡಿದ ದಿನ ಕಾರಣ ಸಿಕ್ಕಿತು. ವೈದ್ಯರು ಮಾತ್ರೆ ಬದಲಿಸಿದರು, ಕೆಲವು ವಾರಗಳಲ್ಲಿ ಕೆಮ್ಮು ನಿಂತಿತು, ಉಬ್ಬು ಇದ್ದಲ್ಲೇ ಇದ್ದರೂ ನೋವು ಹೋಯಿತು. ನೀವಾಗಿಯೇ ಬಿಪಿ ಮಾತ್ರೆ ನಿಲ್ಲಿಸಬೇಡಿ, “ಈ ಕೆಮ್ಮು ಈ ಮಾತ್ರೆಯದ್ದೇ?” ಎಂದು ವೈದ್ಯರನ್ನು ಕೇಳಿ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಥರದ ಬದಲಿಗಳಿವೆ. ಬೀಡಿ, ಸಿಗರೇಟಿನ ಕೆಮ್ಮಿಗೆ ಮಾತ್ರ ಬದಲಿ ಇಲ್ಲ, ಬಿಡಬೇಕು. ಇಲ್ಲಿನವರ ಖರ್ರಾ, ನಮ್ಮವರ ಗುಟ್ಕಾ ಕೆಮ್ಮು ತರದಿರಬಹುದು. ಬಾಯಿಯ ಕ್ಯಾನ್ಸರ್ ತರುತ್ತವೆ, ಅದಕ್ಕೇ ಬಿಡಬೇಕು.

ಮಲಬದ್ಧತೆ ತರುವ ಔಷಧಿಗಳ ಪಟ್ಟಿ ಉದ್ದವಿದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಅಲ್ಯೂಮಿನಿಯಂ ಇರುವ ಆಂಟಾಸಿಡ್, ವೆರಪಮಿಲ್, ಅಮಿಟ್ರಿಪ್ಟಿಲಿನ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್. ಕೊನೆಯದನ್ನು ಗಮನಿಸಿ: ಹರ್ನಿಯಾ ನೋವಿಗೆಂದು ಟ್ರಮಡಾಲ್ ನುಂಗಿದರೆ ಮಲಬದ್ಧತೆಯಾಗಿ, ಮುಕ್ಕಿ, ಹರ್ನಿಯಾ ನೋವು ಹೆಚ್ಚುತ್ತದೆ. ಊಟದಲ್ಲಿ ಜೋಳದ ರೊಟ್ಟಿ, ಕಾಳು, ಸೊಪ್ಪು ಇರಲಿ. ನಾಗ್ಪುರದ ಸಂತ್ರಾ ಹಣ್ಣನ್ನು ರಸ ಹಿಂಡಿ ಸೋಸಿ ಕುಡಿಯುವ ಬದಲು ತೊಳೆಗಳನ್ನೇ ತಿನ್ನಿ, ನಾರು ಇರುವುದು ಅದರಲ್ಲಿ. ಇಸಬ್‌ಗೋಲ್ ತೆಗೆದುಕೊಂಡರೆ ಒಂದು ದೊಡ್ಡ ಲೋಟ ನೀರಿನೊಡನೆ. ನೀರು ಕಡಿಮೆಯಾದರೆ ಅದೇ ಒಳಗೆ ಗಟ್ಟಿಯಾಗುತ್ತದೆ. ಸಾಲದಿದ್ದರೆ ಲ್ಯಾಕ್ಟುಲೋಸ್ ಇದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರು ಮಿತಿಗೊಳಿಸಿದ್ದರೆ ಮೊದಲು ವೈದ್ಯರನ್ನು ಕೇಳಿ.

ಅರವತ್ತು ದಾಟಿದ ಗಂಡಸರು ಮೂತ್ರಕ್ಕೆ ಮುಕ್ಕುತ್ತಿದ್ದರೆ ಪ್ರಾಸ್ಟೇಟ್ ಪರೀಕ್ಷೆ ಬೇಕು, ಅದಕ್ಕೆ ಒಳ್ಳೆಯ ಮಾತ್ರೆಗಳಿವೆ. ನೆಗಡಿಗೆ ಅಂಗಡಿಯಲ್ಲಿ ಕೇಳಿ ಪಡೆಯುವ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಇರುತ್ತವೆ. ಪ್ರಾಸ್ಟೇಟ್ ಇರುವವರಿಗೆ ಇವುಗಳಿಂದ ಮೂತ್ರ ಪೂರ್ತಿ ಕಟ್ಟಿಬಿಡಬಹುದು.

ಭಾರ ಎತ್ತುವ ವಿಷಯದಲ್ಲಿ ಜನರಿಗಿರುವ ಭಯ ಸಾಕ್ಷ್ಯಕ್ಕಿಂತ ದೊಡ್ಡದು. ನಡೆಯಿರಿ, ಮನೆಕೆಲಸ ಮಾಡಿ, ಸೈಕಲ್ ಹೊಡೆಯಿರಿ. ಉಸಿರು ಬಿಗಿಹಿಡಿದು ಎತ್ತಬೇಕಾದ ಮೂಟೆ, ತುಂಬಿದ ಸಿಲಿಂಡರ್ ಬೇಡ. ಯೋಗದಲ್ಲಿ ಕಪಾಲಭಾತಿ, ಮಯೂರಾಸನ, ನೌಲಿ ಥರ ಹೊಟ್ಟೆಗೆ ಒತ್ತಡ ಕೊಡುವವು ಬಿಟ್ಟು ಉಳಿದದ್ದನ್ನು, ಉಬ್ಬು ನೋಯದಷ್ಟು ಮಾತ್ರ ಮಾಡಬಹುದು.

ಹರ್ನಿಯಾ ಬೆಲ್ಟ್ ಬಗ್ಗೆ ದಿನವೂ ಕೇಳುತ್ತಾರೆ. ಅದು ಚಿಕಿತ್ಸೆ ಅಲ್ಲ, ಆಸರೆ. ಆಪರೇಷನ್‌ಗೆ ಕಾಯುತ್ತಿರುವವರಿಗೆ, ಆಪರೇಷನ್ ತಡೆಯುವಷ್ಟು ಆರೋಗ್ಯವಿಲ್ಲದವರಿಗೆ ಕೆಲವು ಗಂಟೆ ನೆಮ್ಮದಿ ಕೊಡುತ್ತದೆ. ನಿಯಮ ಒಂದೇ: ಬೆಳಿಗ್ಗೆ ಏಳುವ ಮುಂಚೆ ಮಲಗಿಕೊಂಡು, ಉಬ್ಬು ಪೂರ್ತಿ ಒಳಗೆ ಹೋದ ಮೇಲೆ ಕಟ್ಟಿಕೊಳ್ಳಬೇಕು. ಹೊರಬಂದ ಕರುಳಿನ ಮೇಲೆ ಬಿಗಿದರೆ ಅದು ಅಪಾಯಕ್ಕೆ ಆಹ್ವಾನ. ರಾತ್ರಿ ಬಿಚ್ಚಿಡಿ. ನಾಗ್ಪುರದ ಬೇಸಿಗೆಯಲ್ಲಿ ಅದರ ಕೆಳಗೆ ಬೆವರುಸಾಲೆ, ಹುಳುಕಡ್ಡಿ ಬರುತ್ತದೆ, ಚರ್ಮ ದಿನವೂ ನೋಡಿಕೊಳ್ಳಿ. ಫೆಮೊರಲ್ ಹರ್ನಿಯಾಕ್ಕೆ ಬೆಲ್ಟ್ ಬೇಡವೇ ಬೇಡ.

ನೋವಿನ ಮಾತ್ರೆ

ಅಗತ್ಯವಿದ್ದಾಗ ಪ್ಯಾರಸಿಟಮಾಲ್ ಮೊದಲ ಆಯ್ಕೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ಕೃಶರು, ವೃದ್ಧರು, ಯಕೃತ್ತಿನ ತೊಂದರೆ ಇರುವವರಿಗೆ ಅದಕ್ಕಿಂತ ಕಡಿಮೆ. ‘ಅಸೆಕ್ಲೊಫೆನಾಕ್ ಜೊತೆಗೆ’ ಎಂದು ಬರುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಅಡಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಡೈಕ್ಲೋಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಎರಡು ಮೂರು ದಿನದ ಸ್ನಾಯು ಎಳೆತಕ್ಕೆ ಸರಿ, ತಿಂಗಳುಗಟ್ಟಲೆ ಹರ್ನಿಯಾ ಕಾಯಲು ಅಲ್ಲ. ಬಿಪಿಗೆ ‘ಪ್ರಿಲ್’ ಅಥವಾ ‘ಸಾರ್ಟಾನ್’ ಮಾತ್ರೆ, ಜೊತೆಗೆ ನೀರು ಹೋಗುವ ಮಾತ್ರೆ, ಅದರ ಮೇಲೆ ಇವು, ಹೊರಗೆ ಮೇ ತಿಂಗಳ ಬಿಸಿಲು: ಮೂತ್ರಪಿಂಡ ಕೆಡಲು ಇನ್ನೇನೂ ಬೇಕಿಲ್ಲ. ಹರ್ನಿಯಾಕ್ಕೆ ದಿನವೂ ನೋವಿನ ಮಾತ್ರೆ ಬೇಕಾಗುತ್ತಿದ್ದರೆ ನಿಮ್ಮ ಕಾಯುವ ಅವಧಿ ಮುಗಿದಿದೆ ಎಂದೇ ಅರ್ಥ.

ಕಾಯುವುದನ್ನು ನಿಲ್ಲಿಸಬೇಕಾದ ಗಳಿಗೆ

ಈ ಭಾಗವನ್ನು ಮನೆಯವರೂ ಓದಲಿ. ದಿನವೂ ಒಳಗೆ ಹೋಗುತ್ತಿದ್ದ ಉಬ್ಬು ಇವತ್ತು ಹೋಗುತ್ತಿಲ್ಲ, ಗಟ್ಟಿಯಾಗಿದೆ, ಮುಟ್ಟಿದರೆ ನೋಯುತ್ತದೆ, ಮೇಲಿನ ಚರ್ಮ ಕೆಂಪಗೆ ಅಥವಾ ನೀಲಿಯಾಗಿದೆ, ವಾಂತಿಯಾಗುತ್ತಿದೆ, ಹೊಟ್ಟೆ ಉಬ್ಬರಿಸಿದೆ, ಮಲವೂ ಹೂಸೂ ಹೋಗುತ್ತಿಲ್ಲ. ಇವುಗಳಲ್ಲಿ ಒಂದೆರಡು ಕಂಡರೂ ಕರುಳು ಬಿಗಿದುಕೊಂಡಿದೆ ಎಂದು ತಿಳಿದು ಹೊರಡಿ. ಕರುಳಿಗೆ ರಕ್ತ ನಿಂತರೆ ಕೆಲವು ಗಂಟೆಗಳಲ್ಲಿ ಅದು ಕೊಳೆಯಲು ಶುರುವಾಗುತ್ತದೆ. ವಯಸ್ಸಾದವರಲ್ಲಿ ತುರ್ತು ಆಪರೇಷನ್ನಿನ ಅಪಾಯ ಮೊದಲೇ ದಿನ ಗೊತ್ತುಮಾಡಿ ಮಾಡಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಆಗ ಬಲವಾಗಿ ಒಳಗೆ ತಳ್ಳಬೇಡಿ. ಊಟ, ನೀರು ಕೊಡಬೇಡಿ. ಎನಿಮಾ, ಭೇದಿ ಮಾತ್ರೆ ಬೇಡ. ಗ್ಯಾಸಿನ ಮಾತ್ರೆ ಕೊಟ್ಟು ‘ನೋಡೋಣ’ ಎನ್ನುವುದಂತೂ ಬೇಡ. ಬೆಳಗಿನ ಜಾವ ಆಸ್ಪತ್ರೆ ಮುಟ್ಟುವವರಲ್ಲಿ ಅನೇಕರು ಹಿಂದಿನ ಸಂಜೆ ಇದನ್ನೇ ಮಾಡಿರುತ್ತಾರೆ. 108ಕ್ಕೆ ಕರೆ ಮಾಡಿ. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ಅದೇ ಸಂಖ್ಯೆ. ನಾಗ್ಪುರದಲ್ಲಿದ್ದರೆ ಸರ್ಕಾರಿ ವೈದ್ಯಕೀಯ ಕಾಲೇಜು, ಜನ ಮೇಯೋ ಎನ್ನುವ ಇಂದಿರಾ ಗಾಂಧಿ ಕಾಲೇಜು ಆಸ್ಪತ್ರೆ, ಮಿಹಾನ್‌ನ ಏಮ್ಸ್ ಇವೆ. ನಿಮಗೆ ಹತ್ತಿರವಾದ, ಶಸ್ತ್ರವೈದ್ಯರಿರುವ ಆಸ್ಪತ್ರೆಯೇ ಸರಿಯಾದ ಆಸ್ಪತ್ರೆ.

ಊರಿಂದ ಮಗನ ಮನೆಗೆ ಬಂದು, ಹಗಲು ಒಬ್ಬರೇ ಇರುವ ಹಿರಿಯರಿಗಾಗಿ ಮರಾಠಿಯ ನಾಲ್ಕು ಮಾತು ಇಲ್ಲಿ ಬರೆಯುತ್ತೇನೆ, ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ತೊಡೆಸಂದಿಯಲ್ಲಿ ಗಂಟಿದೆ: “ಜಾಂಘೇತ ಗಾಠ ಆಹೆ.” ಮಲಗಿದರೆ ಒಳಗೆ ಹೋಗುತ್ತಿತ್ತು: “ಝೋಪಲ್ಯಾವರ ಆತ ಜಾತ ಹೋತಿ.” ಈಗ ಹೋಗುತ್ತಿಲ್ಲ: “ಆತಾ ಜಾತ ನಾಹೀ.” ವಾಂತಿಯಾಗುತ್ತಿದೆ: “ಉಲಟೀ ಹೋತ ಆಹೆ.” ಮರಾಠಿಯಲ್ಲಿ ಹರ್ನಿಯಾಕ್ಕೆ ‘ಅಂತರ್ಗಳ’ ಎನ್ನುತ್ತಾರೆ, ಹಿಂದಿಯಲ್ಲಿ ‘ಆಂತ್ ಉತರ್ನಾ’, ಕರುಳು ಇಳಿಯುವುದು. ಅಂಡವಾಯುವಿಗಿಂತ ಇದು ಎಷ್ಟೋ ಸರಿಯಾದ ಹೆಸರು ಎಂದು ಅನುವಾದ ಮಾಡುವಾಗೆಲ್ಲ ನನಗೆ ಅನಿಸುತ್ತದೆ.

ಕೊನೆಗೆ, ಆಪರೇಷನ್ ದಿನ ಗೊತ್ತಾದವರಿಗೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಥರದ ರಕ್ತ ತೆಳುಮಾಡುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಮುಚ್ಚಿಡಲೂ ಬೇಡಿ. ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು, ಆಯುರ್ವೇದದ ಡಬ್ಬಿಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿ. ಯಾವುದನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂದು ಅವರೇ ಬರೆದುಕೊಡುತ್ತಾರೆ. ಆಯುಷ್ಮಾನ್ ಕಾರ್ಡ್ ಇದ್ದರೆ ಅದನ್ನೂ ಅದೇ ಚೀಲದಲ್ಲಿಡಿ. ಯಾವ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಆ ಯೋಜನೆಯಲ್ಲಿ ಆಗುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಅಲ್ಲಿನ ಯೋಜನೆಯ ಕೌಂಟರ್‌ನಲ್ಲಿ ಕೇಳಿ ತಿಳಿದುಕೊಳ್ಳಿ.